ಎರಡು ಕೋಡಿಯ ಕುಂಟೆ

ಹೈದರಾಬಾದಿನಲ್ಲಿ ಕೆರೆಗಳನ್ನು ಅಳೆಯುವ ಒಂದು ಕಚೇರಿಯಲ್ಲಿ ಮೊದಲು ಟ್ರೇಸರ್ ಆಗಿ, ಆಮೇಲೆ ಸರ್ವೇಯರ್ ಆಗಿ ದುಡಿದು ನಿವೃತ್ತಳಾದವಳು ನಾನು. ಯಾವಾಗ ಯಾವ ಬಡ್ತಿ ಸಿಕ್ಕಿತು ಎಂಬುದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ. ಅದನ್ನು ಓದಿ ಯಾರೂ ಲೆವೆಲ್ ಹಿಡಿಯುವುದನ್ನು ಕಲಿತದ್ದಿಲ್ಲ. ಈಗ ಈ ಕೆಲಸಕ್ಕೆ ಬರುವ ಮಕ್ಕಳು ನನಗಿಂತ ಎಷ್ಟೋ ಹೆಚ್ಚು ಓದಿದವರು. ಅವರಿಗೆ ಕೊಡಲು ನನ್ನ ಹತ್ತಿರ ಇರುವುದು ನಾನು ಮಾಡಿದ ತಪ್ಪುಗಳು ಮಾತ್ರ. ಅವುಗಳಲ್ಲಿ ಒಂದು ಸಾಕಷ್ಟು ದೊಡ್ಡದು. ಅದನ್ನು ಹೇಳುವ ಮುಂಚೆ ಸಣ್ಣವನ್ನೂ ಹೇಳಿಬಿಡುತ್ತೇನೆ.

ನಾನು ಬೀದರ್ ಜಿಲ್ಲೆಯವಳು. ಮದುವೆಯಾಗಿ ಸನತ್‌ನಗರಕ್ಕೆ ಬಂದೆ. ಯಜಮಾನರು ಅಲ್ಲಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದರು. ನನ್ನ ಬರಹ ದುಂಡಗಿತ್ತೆಂದು ಟ್ರೇಸರ್ ಕೆಲಸ ಸಿಕ್ಕಿತು. ಬೇರೆಯವರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ ಶಾಯಿಯಲ್ಲಿ ನಕಲು ಮಾಡುವುದು ಟ್ರೇಸರ್ ಕೆಲಸ. ಕೈ ಅಲುಗಿದರೆ ಬ್ಲೇಡಿನಿಂದ ಕೆರೆಯಬೇಕು, ಹೆಚ್ಚು ಕೆರೆದರೆ ಹಾಳೆ ತೂತು. ಹೀಗೆ ಹಲವು ವರ್ಷ, ಕಣ್ಣಿನಿಂದ ಒಮ್ಮೆಯೂ ಕಾಣದ ಕೆರೆಗಳ ದಂಡೆಯನ್ನು ನಾನು ಬಹಳ ಅಂದವಾಗಿ ಬರೆದೆ.

ನಮ್ಮ ಸಾಹೇಬರು ಖಾದ್ರಿ ಅಂತ. ಗುಲ್ಬರ್ಗದಲ್ಲಿ ಹುಟ್ಟಿ ಬೆಳೆದವರು. ಎಲ್ಲರೊಡನೆ ದಖನಿ ಉರ್ದು, ನನ್ನೊಡನೆ ಮಾತ್ರ ದಖನಿ ಬೆರೆಸಿದ ಕನ್ನಡ. ಬೂಟುಗಳು ಸದಾ ಮಿಂಚುತ್ತಿದ್ದವು. ಒಂದು ದಿನ ಸರ್ವೇಯರ್ ಕಾಮಾಲೆಯಾಗಿ ಊರಿಗೆ ಹೋದಾಗ ಅವರು ನನ್ನ ಮೇಜಿನ ಮುಂದೆ ಬಂದು ನಿಂತರು.

"ಸುಭದ್ರಾಬಾಯಿ, ಕೆರಿ ನೋಡೀರೇನು?"

"ಕಾಗದದ ಮ್ಯಾಲ ನೋಡೀನ್ರಿ ಸಾಹೇಬ್ರ."

"ಛತ್ರಿ ತಗೋರಿ. ನಡೀರಿ."

ನನ್ನ ಹೊರಗಿನ ಕೆಲಸ ಶುರುವಾದದ್ದು ಹಾಗೆ. ಅರ್ಜಿ ಇಲ್ಲ, ಸಂದರ್ಶನ ಇಲ್ಲ.

ನೆಲದ ಏರುತಗ್ಗು ಅಳೆಯುವ ಆಗಿನ ಲೆವೆಲ್ ಯಂತ್ರದ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ದೂರದಲ್ಲಿ ಒಬ್ಬರು ಅಳತೆಗೋಲು ಹಿಡಿದು ನಿಲ್ಲಬೇಕು, ನಾವು ದುರ್ಬೀನಿನಲ್ಲಿ ಅದರ ಮೇಲಿನ ಅಂಕಿ ಓದಬೇಕು. ಕೋಲು ಹಿಡಿಯುವವರು ಪೆಂಟಯ್ಯ. ನನಗಿಂತ ಹತ್ತು ವರ್ಷ ಹಿರಿಯರು, ತೆಲುಗು ಬಿಟ್ಟು ಬೇರೆ ಮಾತಾಡದವರು. ಅವರ ಮಾತನ್ನೂ ಅವರಿಗೆ ನಾನು ಹೇಳಿದ್ದನ್ನೂ ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಮೊದಲ ದಿನ ದುರ್ಬೀನಿಗೆ ಕಣ್ಣಿಟ್ಟರೆ ಪೆಂಟಯ್ಯ ಆಕಾಶಕ್ಕೆ ಕಾಲು ಮಾಡಿ ನೇತಾಡುತ್ತಿದ್ದರು. ಅವರ ಪೇಟ ಕೆಳಗೆ, ಕೆರೆ ಮೇಲೆ. ನನಗೆ ನಗು ತಡೆಯಲಾಗಲಿಲ್ಲ. ಅವರು ದೂರದಿಂದಲೇ ಪೇಟ ಸರಿ ಮಾಡಿಕೊಂಡರು. ದುರ್ಬೀನಿನಲ್ಲಿ ಅದೂ ಉಲ್ಟಾ ಕಂಡಿತು.

ಆ ವಾರದ ನನ್ನ ಲೆಕ್ಕದಲ್ಲಿ ಕೂಡಬೇಕಾದಲ್ಲಿ ಕಳೆದು, ಕಳೆಯಬೇಕಾದಲ್ಲಿ ಕೂಡಿದ್ದೆ. ಖಾದ್ರಿ ಸಾಹೇಬರು ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಬಾಯಿ, ನಿಮ್ ನೀರು ಗುಡ್ಡಾ ಹತ್ತಾಕತ್ತದಲ್ಲ. ಏನ್ ದವಾ ಕೊಟ್ಟೀರಿ ಅದಕ್ಕ?"

ಇಡೀ ಕಚೇರಿ ನಕ್ಕಿತು. ನಾನೂ ನಕ್ಕೆ, ಮನೆಗೆ ಹೋಗಿ ಸ್ವಲ್ಪ ಅತ್ತೆ, ಮರುದಿನ ಹೋಗಿ ಪೂರ್ತಿ ಮತ್ತೆ ಅಳೆದೆ. ಆಮೇಲೆ ನನ್ನ ನೀರು ಗುಡ್ಡ ಹತ್ತಲಿಲ್ಲ. ಕಾಮಾಲೆಯ ಸರ್ವೇಯರ್ ಗುಣವಾಗಿ ಬಂದ ಮೇಲೂ ನಾನು ಹೊರಗಿನ ಕೆಲಸ ಬಿಡಲಿಲ್ಲ.

ಇನ್ನು ಆ ನಾಲ್ಕು ಕೆರೆಗಳ ವಿಷಯ. ಮಾದಾಪುರದ ಆಚೆ, ಬಂಡೆಗಳ ನಡುವೆ, ಒಂದರ ಕೆಳಗೆ ಒಂದಾಗಿ ಅವು ಕೂತಿದ್ದವು. ಎಲ್ಲಕ್ಕಿಂತ ಮೇಲೆ ಬಂಡಕುಂಟೆ; ಕುಂಟೆ ಎಂದರೆ ಅಲ್ಲಿ ಸಣ್ಣ ಕೆರೆ. ಅದು ತುಂಬಿದರೆ ಹೆಚ್ಚಾದ ನೀರು ಕೋಡಿ ಬಿದ್ದು ಮೊಗಲಿಕುಂಟೆಗೆ. ಮೊಗಲಿಕುಂಟೆ ತುಂಬಿದರೆ ಪೂರ್ವಕ್ಕೆ ಇಳಿದು ಪೆದ್ದಚೆರುವಿಗೆ. ತೆಲುಗಿನ ಹೆಸರೇ ಹೇಳುವಂತೆ ಅದು ದೊಡ್ಡ ಕೆರೆ. ಅದು ತುಂಬಿದರೆ ಸುತ್ತಿ ಬಳಸಿ ಕೊನೆಯ ಈದುಲಕುಂಟೆಗೆ, ಅಲ್ಲಿಂದ ನಾಲೆ ಹಿಡಿದು ಮೂಸಿ ನದಿಗೆ. ಕೆರೆಯಿಂದ ಕೆರೆಗೆ ನೀರು ಹೋಗುವ ದಾರಿ ಮಳೆಗಾಲದಲ್ಲಿ ಕೆಲವು ದಿನ ಮಾತ್ರ ಕಾಣುತ್ತದೆ. ಉಳಿದ ದಿನ ಅದು ಒಣ ತಗ್ಗು, ಮುಳ್ಳುಪೊದೆ, ಆಡು ಮೇಯುವ ಜಾಗ. ನೋಡಿದವರಿಗೆ ಖಾಲಿ ಜಾಗ ಅನಿಸುತ್ತದೆ. ಖಾಲಿ ಜಾಗ ಕಂಡರೆ ಆ ವರ್ಷಗಳಲ್ಲಿ ಹೈದರಾಬಾದು ಸುಮ್ಮನಿರುತ್ತಿರಲಿಲ್ಲ.

ಅವು ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳು. ಹೋದ ತಿಂಗಳು ಬಂಡೆ ಇದ್ದಲ್ಲಿ ಈ ತಿಂಗಳು ಅಡಿಪಾಯ. ನಾನು ಗುರುತಿಗೆ ಎಂದು ಬಣ್ಣ ಹಚ್ಚಿದ ಬಂಡೆಗಳೆಲ್ಲ ಜಲ್ಲಿಯಾಗಿ ಹೋದವು. ಒಂದು ಸಲ ಪೆದ್ದಚೆರುವಿಗೆ ಹೋದರೆ ಅದರ ದಾರಿಗೆ ಗೇಟು ಬಂದಿತ್ತು. ಗೇಟಿಗೆ ಕಾವಲುಗಾರ, ಅವನ ಕೈಯಲ್ಲಿ ರಿಜಿಸ್ಟರ್.

"ಯಾರನ್ನು ಭೇಟಿಯಾಗಬೇಕು?" ಎಂದು ಅವನು ಹಿಂದಿಯಲ್ಲಿ ಕೇಳಿದ.

ಪೆಂಟಯ್ಯ ಕೋಲು ಭುಜದಿಂದ ಇಳಿಸದೆ ಹೇಳಿದರು: "ಚೆರುವನ್ನು."

ಅವನು ಪಾಪ, ತೆಲುಗು ಬಾರದವನು, ಚೆರುವು ಎಂದರೆ ಕೆರೆ ಎಂದು ತಿಳಿಯದವನು. 'ಭೇಟಿಯಾಗಬೇಕಾದವರು' ಎಂಬ ಕಾಲಮ್ಮಿನಲ್ಲಿ 'ಮಿಸ್ಟರ್ ಚೆರುವು' ಎಂದು ಬರೆದುಕೊಂಡು ನಮ್ಮನ್ನು ಒಳಗೆ ಬಿಟ್ಟ. ಆಮೇಲೆ ನಾವು ಹೋದಾಗಲೆಲ್ಲ ಅವನೇ ಹೇಳುತ್ತಿದ್ದ, "ಚೆರುವು ಸಾಬ್ ಇದ್ದಾರೆ, ಹೋಗಿ."

ಅದೇ ವರ್ಷಗಳಲ್ಲಿ ನಮ್ಮ ಯಂತ್ರಗಳೂ ಬದಲಾದವು. ತಲೆಕೆಳಗಾದ ಲೋಕ ನೆಟ್ಟಗಾಯಿತು. ಗುಂಡಿ ಒತ್ತಿದರೆ ದೂರ, ಎತ್ತರ ಎಲ್ಲ ತಾನೇ ಬರೆದುಕೊಳ್ಳುವ ಟೋಟಲ್ ಸ್ಟೇಷನ್ ಬಂತು. ಹೊಸದಾಗಿ ಬಂದವರು ಅದರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದರು, ದೇವರ ಮುಂದೆ ನಿಂತಹಾಗೆ. ನನಗೂ ಅದು ಬಹಳ ಇಷ್ಟವಾಯಿತು. ಆದರೆ ಅದಕ್ಕೆ ಕೋಲಿನ ಎತ್ತರ ಎಷ್ಟೆಂದು ನಾವೇ ಹೇಳಿಕೊಡಬೇಕು. ತಪ್ಪು ಹೇಳಿದರೆ ಅದು ತಪ್ಪನ್ನೇ ಬಹಳ ಚೊಕ್ಕವಾಗಿ ಲೆಕ್ಕ ಮಾಡುತ್ತದೆ. ಹಾಗೆಂದು ನಾನು ಹಳೆಯ ಯಂತ್ರವನ್ನು ಹೊಗಳುತ್ತಿಲ್ಲ. ನನ್ನ ದೊಡ್ಡ ತಪ್ಪು ನಡೆದದ್ದು, ನೆಟ್ಟಗೆ ಕಾಣುವುದಾದರೂ ಕಣ್ಣಿನಿಂದಲೇ ಓದಬೇಕಾದ ಹಳೆಯ ರೀತಿಯ ಲೆವೆಲ್ಲಿನಲ್ಲೇ, ನನ್ನ ಕಣ್ಣೆದುರೇ.

ಮೊಗಲಿಕುಂಟೆಯ ದಕ್ಷಿಣಕ್ಕೆ ಒಂದು ಕಂಪನಿ ಜಾಗ ತೆಗೆದುಕೊಂಡು ಕಟ್ಟಡ ಎಬ್ಬಿಸಲು ಹೊರಟಿತ್ತು. ಅಲ್ಲಿ ಕೆರೆಯ ನೀರಿನ ದಾರಿ ಇದೆಯೇ ಎಂದು ಅಳೆದು ಹೇಳಬೇಕಾದವಳು ನಾನು. ಪೆಂಟಯ್ಯನವರ ಜೊತೆ ಹೋಗಿ ಎರಡು ವಾರ ಅಳೆದೆ. ದಕ್ಷಿಣದ ಅಂಚಿನ ತುಂಬ ಬಳ್ಳಾರಿ ಜಾಲಿ ಬೆಳೆದಿತ್ತು. ಅದರ ಹಿಂದೆ ನೆಲ ಏರಾಗಿದೆ, ನೀರು ಆಕಡೆ ಹೋಗುವುದು ಸಾಧ್ಯವಿಲ್ಲ ಎಂದು ನನ್ನ ಲೆಕ್ಕ ಹೇಳಿತು. ನಕ್ಷೆ ಬರೆದೆ, ಸಾಹೇಬರು ಒಮ್ಮೆ ಜಾಗ ನೋಡಿ ಬಂದು ಸಹಿ ಹಾಕಿದರು. ಕಂಪನಿಗೆ ಒಪ್ಪಿಗೆ ಸಿಕ್ಕಿತು. ಕಾಂಪೌಂಡ್ ಎದ್ದಿತು. ಅದರ ಹೊರಗೆ, ಇಳಿಜಾರಿನ ಕೆಳಗೆ ಒಂದು ಬೇವಿನ ಮರದ ಸುತ್ತ, ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳೂ ಎದ್ದವು. ಬಹುತೇಕ ರಾಯಚೂರು, ಯಾದಗಿರಿ ಕಡೆಯವರು. ಅವರ ಮೇಸ್ತ್ರಿಯ ಹೆಂಡತಿ ದೇವಮ್ಮ ನನ್ನ ಕನ್ನಡ ಕೇಳಿ ಒಂದು ದಿನ ಕರೆದು ಕೂರಿಸಿ ಜೋಳದ ರೊಟ್ಟಿ ಕೊಟ್ಟಳು. ಆಮೇಲೆ ಆ ಕಡೆ ಹೋದಾಗಲೆಲ್ಲ ನನ್ನ ಊಟ ಅಲ್ಲೇ.

ಮುಂದಿನ ಬೇಸಿಗೆಯಲ್ಲಿ ಬೇರೆ ಯಾವುದೋ ಕೆಲಸಕ್ಕೆ ಮೊಗಲಿಕುಂಟೆಗೆ ಹೋಗಿದ್ದೆ. ದಂಡೆಯಲ್ಲಿ ಲಚ್ಚಮ್ಮ ಎಂಬ ಮುದುಕಿ ಬಟ್ಟೆ ಒಗೆಯುತ್ತಿದ್ದಳು. ಚಿಕ್ಕಂದಿನಿಂದ ಅದೇ ಕಲ್ಲಿನ ಮೇಲೆ ಒಗೆದವಳು. ಕಂಪನಿಯ ಕಾಂಪೌಂಡ್ ಕಡೆ ಕೈ ತೋರಿಸಿ ಪೆಂಟಯ್ಯನವರಿಗೆ ಏನೋ ಹೇಳಿ ನಕ್ಕಳು, ನನಗೆ ಸರಿಯಾಗಿ ಕೇಳಿಸಲಿಲ್ಲ. ಪೆಂಟಯ್ಯನವರ ಮುಖ ಸಣ್ಣದಾಯಿತು.

"ಏನಂತಾಳ?" ಎಂದೆ.

"ಚಿನ್ನಲುಗಿನ ಬಾಯಿಗೆ ಗೋಡೆ ಕಟ್ಟಿದ್ದಾರೆ, ಇವರಿಗೆ ಬುದ್ಧಿ ಇದೆಯಾ ಅಂತ ಕೇಳ್ತಿದ್ದಾಳೆ ಮೇಡಂ."

ಅಲುಗು ಎಂದರೆ ತೆಲುಗಿನಲ್ಲಿ ಕೋಡಿ. ಚಿನ್ನಲುಗು ಎಂದರೆ ಸಣ್ಣ ಕೋಡಿ. ಮೊಗಲಿಕುಂಟೆಗೆ ಪೂರ್ವದಲ್ಲಿ ಒಂದೇ ಕೋಡಿ ಎಂದು ನನ್ನ ನಕ್ಷೆ ಹೇಳುತ್ತಿತ್ತು, ಅದಕ್ಕೂ ಮುಂಚಿನ ನಕ್ಷೆಗಳೂ ಹೇಳುತ್ತಿದ್ದವು. ಲಚ್ಚಮ್ಮ ಹೇಳಿದ್ದು ಇಷ್ಟು: ಸಾಧಾರಣ ಮಳೆಗೆ ನೀರು ಪೂರ್ವದ ಕೋಡಿಯಲ್ಲಿ ಪೆದ್ದಚೆರುವಿಗೆ ಹೋಗುತ್ತದೆ. ಜೋರು ಮಳೆಯಾದ ವರ್ಷ ಇನ್ನೊಂದು ಗೇಣು ಏರಿ ದಕ್ಷಿಣದ ಚಿನ್ನಲುಗಿನಿಂದ ಇಳಿದು ನೇರವಾಗಿ ಈದುಲಕುಂಟೆಗೆ ಹೋಗುತ್ತದೆ. ಅವಳ ಮದುವೆಯಾದ ವರ್ಷ ಹೋಗಿತ್ತು. ಹಿರಿಮಗಳು ಹುಟ್ಟಿದ ವರ್ಷ ಹೋಗಿತ್ತು. ಆಮೇಲೆ ಅಂಥ ಮಳೆ ಅವಳು ಕಂಡಿಲ್ಲ.

ನಾನು ಚೀಲದಿಂದ ಲೆವೆಲ್ ತೆಗೆದೆ. ಪೆಂಟಯ್ಯ ಕತ್ತಿ, ಹಾರೆ ಹಿಡಿದು ಜಾಲಿ ಕಡಿಯಲು ಹೋದರು. ಒಂದು ತಾಸು ಕಡಿದು ಬೇರು ಅಗೆಯುವಾಗ ಅವರ ಹಾರೆ ಮಣ್ಣೊಳಗೆ ಟಣ್ ಎಂದಿತು. ಕೈಯಿಂದ ಮಣ್ಣು ಸರಿಸಿದರೆ ಉಳಿಯಿಂದ ಕಟೆದ ನೀಟಾದ ಕಲ್ಲು. ಅದರ ಪಕ್ಕ ಇನ್ನೊಂದು, ಮತ್ತೊಂದು. ಯಾರೋ ಹಿಂದಿನವರು ಬಹಳ ಯೋಚಿಸಿ ಕಟ್ಟಿದ ಕೋಡಿ. ಎಲ್ಲ ನೀರೂ ಒಮ್ಮೆಗೇ ಪೆದ್ದಚೆರುವಿಗೆ ನುಗ್ಗಿ ಅದರ ಕಟ್ಟೆ ಒಡೆಯಬಾರದೆಂದು ಪಕ್ಕದಿಂದ ಒಂದು ದಾರಿ ಮಾಡಿಟ್ಟಿದ್ದರು.

ಕಲ್ಲಿನ ಮೇಲೆ ಕೋಲು ನಿಲ್ಲಿಸಿ ಓದಿದೆ. ಫೀಲ್ಡ್ ಬುಕ್ ತೆಗೆದು ಹೋದ ವರ್ಷದ ಪುಟ ನೋಡಿದೆ. ಅದೇ ಜಾಗ, ಸರಿಸಿದ ಮಣ್ಣು ಬಿಟ್ಟರೆ ಸರಿಯಾಗಿ ಒಂದು ಮೀಟರ್ ವ್ಯತ್ಯಾಸ. ಆಗ ಜಾಲಿಯ ಕೊಂಬೆ ಕೋಲಿನ ಮೇಲಿನ ಮೀಟರಿನ ಕೆಂಪು ಅಂಕಿಯನ್ನು ಮರೆಮಾಡಿತ್ತು. ಕೆಳಗಿನ ಸಣ್ಣ ಅಂಕಿಗಳು ಮಾತ್ರ ಕಂಡಿದ್ದವು. ಎರಡು ಇದ್ದಲ್ಲಿ ನಾನು ಒಂದು ಎಂದು ಊಹಿಸಿ ಬರೆದುಬಿಟ್ಟಿದ್ದೆ. ಓದು ಕಡಿಮೆಯಾದರೆ ನೆಲ ಎತ್ತರ. ತಗ್ಗಿದ್ದ ಕೋಡಿ ನನ್ನ ಒಂದು ಊಹೆಯಿಂದ ದಿಬ್ಬವಾಗಿತ್ತು.

ಹೊಸಬರು ಇದನ್ನು ನೆನಪಿಡಬೇಕು. ಯಂತ್ರ ಸ್ಥಳ ಬದಲಾಯಿಸುವಾಗಿನ ಓದು ತಪ್ಪಿದರೆ ಕೊನೆಯಲ್ಲಿ ಲೆಕ್ಕ ಕೂಡಿಬರುವುದಿಲ್ಲ, ತಪ್ಪು ಸಿಕ್ಕಿಬೀಳುತ್ತದೆ. ನಡುವೆ ತೆಗೆದುಕೊಳ್ಳುವ ಓದು ತಪ್ಪಿದರೆ ಲೆಕ್ಕ ಚೆನ್ನಾಗಿಯೇ ಕೂಡಿಬರುತ್ತದೆ. ಆ ತಪ್ಪನ್ನು ಯಾವ ಲೆಕ್ಕವೂ ಹೇಳಿಕೊಡುವುದಿಲ್ಲ. ನನಗೆ ಹೇಳಿಕೊಟ್ಟವಳು ಲಚ್ಚಮ್ಮ.

ನಾನು ಕಲ್ಲಿನ ಮೇಲೆ ಕೂತುಬಿಟ್ಟೆ. ಪೆಂಟಯ್ಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಬೀಡಿ ಹಚ್ಚಿದರು.

"ನಾನು ಕೋಲು ಸೊಟ್ಟ ಹಿಡಿದಿದ್ದೆ ಅಂತ ಹೇಳಿ ಮೇಡಂ. ನನಗೆ ಎರಡು ವರ್ಷ ಸರ್ವಿಸ್ ಉಳಿದಿದೆ. ನನ್ನನ್ನು ಯಾರು ಏನು ಮಾಡ್ತಾರೆ?"

"ಕೋಲು ಸೊಟ್ಟ ಹಿಡದ್ರ ನಾಕ್ ಬೆರಳು ವ್ಯತ್ಯಾಸ ಬರ್ತದ ಪೆಂಟಯ್ಯ. ಒಂದು ಮೀಟರ್ ಬರಬೇಕಂದ್ರ ನೀವು ಮಲಕೊಂಡು ಹಿಡಿಬೇಕು."

ಅವರು ನಕ್ಕರು. ನನಗೂ ಸ್ವಲ್ಪ ಧೈರ್ಯ ಬಂತು. ಮೃಗಶಿರ ಮಳೆಗೆ ಹೆಚ್ಚು ದಿನ ಇರಲಿಲ್ಲ. ಇಳಿಜಾರಿನ ಕೆಳಗೆ ಬೇವಿನ ಮರ ಕಾಣುತ್ತಿತ್ತು, ಅದರ ಸುತ್ತ ತಗಡುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ದೇವಮ್ಮನ ಒಲೆಯ ಹೊಗೆ ನೆಟ್ಟಗೆ ಮೇಲೇಳುತ್ತಿತ್ತು.

ಮರುದಿನ ಬೆಳಿಗ್ಗೆ ಖಾದ್ರಿ ಸಾಹೇಬರ ಮುಂದೆ ಎರಡೂ ಪುಟ ತೆರೆದಿಟ್ಟು ಇದ್ದದ್ದು ಇದ್ದಹಾಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು. ಬೈಗುಳ ಬರುತ್ತದೆಂದು ನಾನು ಕಾಯುತ್ತಿದ್ದೆ. ಕೈಗೆ ರಬ್ಬರ್ ತೆಗೆದುಕೊಂಡದ್ದು ನನಗೇ ಗೊತ್ತಿರಲಿಲ್ಲ.

"ರಬ್ಬರ್ ನಕ್ಕೋ, ಬ್ಯಾಡ," ಎಂದರು. "ತಪ್ಪಿನ ಮ್ಯಾಲ ಒಂದ್ ಗೆರಿ ಹಾಕ್ರಿ. ಓದಾಕ ಬರೂ ಹಂಗ. ಮ್ಯಾಲ ಸರಿಯಾದದ್ದು ಬರೀರಿ. ದಸ್ತಖತ್ ಮಾಡ್ರಿ."

ಹಾಗೇ ಮಾಡಿದೆ. ಅವರು ಪೆನ್ನು ಕಿತ್ತುಕೊಂಡು ನನ್ನ ಸಹಿಯ ಕೆಳಗೆ ತಾವೂ ಸಹಿ ಹಾಕಿದರು.

"ನಕ್ಷಾದ ಮ್ಯಾಲ ನಂದೂ ಅದಲ್ಲ ಸಹಿ. ನಾ ಆ ಜಾಲಿ ಒಳಗ ಕಾಲಿಟ್ಟಿದ್ನೇನು? ಇಲ್ಲ. ಬೂಟಿಗೆ ಮುಳ್ಳು ಹತ್ತಾವ ಅಂತ ದಂಡಿ ಮ್ಯಾಲೇ ನಿಂತಿದ್ದೆ. ನಡೀರಿ ಈಗ."

ಅಂದು ಸಾಹೇಬರು ಮಿಂಚುವ ಬೂಟಿನಲ್ಲೇ ಜಾಲಿಯೊಳಗೆ ನುಗ್ಗಿದರು. ಕೋಡಿಯ ಕಲ್ಲಿನ ಮೇಲೆ ಕೈಯಾಡಿಸಿ "ವಾಹ್, ಏನ್ ಕೆಲಸ" ಎಂದರು. ಹಿಂದಿರುಗುವಾಗ ಕೆರೆಯಂಚಿನ ಕೆಸರಿನಲ್ಲಿ ಕಾಲಿಟ್ಟು ಒಂದು ಬೂಟು ಅಲ್ಲೇ ಉಳಿಯಿತು. ಪೆಂಟಯ್ಯ ಅದನ್ನು ಹಾರೆಯಿಂದ ಎಬ್ಬಿಸಿಕೊಟ್ಟರು.

ಕಂಪನಿಯವರನ್ನು ಒಪ್ಪಿಸುವುದು ಉಳಿದಿತ್ತು. ಅದು ಕಂಪ್ಯೂಟರಿನಲ್ಲಿ ನಕ್ಷೆಗಳನ್ನು ಮಾಡುವ ಕಂಪನಿ. ಹೊಸ ಕಟ್ಟಡದ ಜಾಗದಲ್ಲಿ ನೀರು ಹೇಗೆ ಹರಿಯುತ್ತದೆ ಎಂಬ ಚಿತ್ರವನ್ನು ತಮ್ಮವನೇ ಆದ ಪ್ರಸನ್ನ ಎಂಬ ಎಂಜಿನಿಯರನಿಂದ ಮಾಡಿಸಿದ್ದರು. ಮೈಸೂರಿನವನು, ಇಪ್ಪತ್ತೈದರ ಆಸುಪಾಸು. ನನ್ನ ಅಂಕಿಗಳನ್ನೇ ಅವನು ಕಂಪ್ಯೂಟರಿಗೆ ಕೊಟ್ಟಿದ್ದ. ತೆರೆಯ ಮೇಲೆ ನನ್ನ ದಿಬ್ಬ ಹಸಿರು ಬಣ್ಣದಲ್ಲಿ ಬಹಳ ಚೆಂದ ಕಾಣುತ್ತಿತ್ತು.

"ಮೇಡಂ, ನಿಮ್ಮ ಸರ್ವೆ ಎಷ್ಟು ನೀಟಾಗಿದೆ ಅಂತ ನಾನು ಎಲ್ಲರಿಗೂ ತೋರಿಸ್ತಿದ್ದೆ," ಎಂದ.

"ಅದರಾಗ ಒಂದು ಅಂಕಿ ತಪ್ಪ್ಯದಪ್ಪ. ತಪ್ಪು ನಂದು. ತಿದ್ದಿ ನೋಡು."

ಅವನು ಅಂಕಿ ಬದಲಾಯಿಸಿ ಗುಂಡಿ ಒತ್ತಿದ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮೊಗಲಿಕುಂಟೆಯ ದಕ್ಷಿಣದಿಂದ ಒಂದು ನೀಲಿ ಗೆರೆ ಹೊರಟಿತು. ಕಾಂಪೌಂಡ್ ದಾಟಿತು, ಕಾರು ನಿಲ್ಲಿಸುವ ಜಾಗದ ನಡುವೆ ಹಾದು ಮತ್ತೆ ಗೋಡೆ ದಾಟಿತು, ಇಳಿಜಾರಿನಲ್ಲಿ ಇಳಿದು ಈದುಲಕುಂಟೆ ಸೇರಿತು. ಪ್ರಸನ್ನ ಬೆರಳಿನಿಂದ ತೆರೆಯ ಮೇಲೆ ಒಂದು ಜಾಗ ಮುಟ್ಟಿದ.

"ಇಲ್ಲಿ ಲೇಬರ್ ಶೆಡ್ಡುಗಳಿವೆ ಅಲ್ವಾ?"

"ಹೌದು."

ಅವನು ಎದ್ದು ಮೇಲಿನವರ ಕೋಣೆಗೆ ಹೋದ. ಅರ್ಧ ತಾಸಿನಲ್ಲಿ ನಾವೂ ಒಳಗಿದ್ದೆವು. ಕಟ್ಟಡದ ಉಸ್ತುವಾರಿ ಅಧಿಕಾರಿ ವಾದಕ್ಕೆ ಸಿದ್ಧವಾಗಿ ಕೂತಿದ್ದ. ನಿಮ್ಮ ಇಲಾಖೆಯೇ ಒಪ್ಪಿಗೆ ಕೊಟ್ಟು ಈಗ ಗೋಡೆ ಒಡೆಯಿರಿ ಎಂದರೆ ಏನರ್ಥ, ಯಾರು ಹೊಣೆ ಎಂದು ಇಂಗ್ಲಿಷಿನಲ್ಲಿ ಕೇಳಿದ. ಖಾದ್ರಿ ಸಾಹೇಬರು ಬಾಯಿ ತೆರೆಯುವ ಮುಂಚೆ ನಾನೇ, ನನಗೆ ಬರುವಷ್ಟು ಹಿಂದಿಯಲ್ಲಿ, ಓದಿದ್ದು ನಾನು, ತಪ್ಪಿದ್ದು ನಾನು, ಪುಸ್ತಕ ಇಲ್ಲಿದೆ ನೋಡಿ ಎಂದೆ. ಗೆರೆ ಎಳೆದು ತಿದ್ದಿದ ಪುಟವನ್ನು ಅವನ ಮುಂದೆ ತಳ್ಳಿದೆ. ಅವನು ಅದನ್ನು ನೋಡಿದ, ಎರಡು ಸಹಿಗಳನ್ನು ನೋಡಿದ. ವಾದಕ್ಕೆಂದು ತಂದ ಕಾಗದಗಳನ್ನು ಮೆಲ್ಲಗೆ ಒಟ್ಟು ಮಾಡಿದ.

"ಗೋಡೆ ಎಲ್ಲಿ ಒಡೆಯಬೇಕು ಹೇಳಿ," ಎಂದ.

ಪ್ರಸನ್ನ ಮೊದಲೇ ಅಳತೆ ಗುರುತು ಮಾಡಿಕೊಂಡಿದ್ದ. ಕಾರು ನಿಲ್ಲಿಸುವ ಜಾಗ ಎರಡಾಗಿ ನಡುವೆ ಅಗಲವಾದ ಕಾಲುವೆ, ಅದರ ಮೇಲೊಂದು ಸಣ್ಣ ಸೇತುವೆ, ಗೋಡೆಯಲ್ಲಿ ಎರಡು ಕಡೆ ದೊಡ್ಡ ಕಂಡಿ. ಕೆಲಸ ಆ ವಾರವೇ ಶುರುವಾಯಿತು. ಕಾಲುವೆ ತೋಡಿದ್ದು ದೇವಮ್ಮನ ಗಂಡನ ಗುಂಪೇ.

ಆದರೆ ಅವರು ಶೆಡ್ಡು ಕಿತ್ತುಕೊಂಡು ನಾವು ತೋರಿಸಿದ ಮೇಲಿನ ಜಾಗಕ್ಕೆ ಹೋಗಲು ಒಪ್ಪಲಿಲ್ಲ. ದೇವಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಇಲ್ಲಿಗಿ ಬರೂದ್ರಾಗ ಮೂರು ಸಲ ಕಿತ್ತಿ ಹಾಕೀವ್ರಿ ಅಕ್ಕಾರ. ಇಲ್ಲಿ ಬೇವಿನ ಗಿಡ ಐತಿ, ನೆರಳೈತಿ, ಗಾಡಿ ಮಂದಿ ಗದ್ದಲಿಲ್ಲ. ಎಲ್ಲೈತಿ ನೀರು? ನೀವು ತೋರಸ್ರಿ, ನಾವು ಹೊಕ್ಕೀವಿ."

ಸುತ್ತ ಒಂದು ಹನಿ ನೀರಿಲ್ಲ. ನೆಲ ಬಿರುಕು ಬಿಟ್ಟಿತ್ತು. ಎರಡು ಆಡು ಮಲಗಿದ್ದವು. ಏನು ತೋರಿಸಲಿ? ಆಮೇಲೆ ಹೊಳೆಯಿತು. ಅವಳನ್ನು ಕರೆದುಕೊಂಡು ಮೇಲೆ ಕೋಡಿಗೆ ಹೋದೆ. ಲೆವೆಲ್ಲನ್ನು ಕಾಲು ಗಿಡ್ಡ ಮಾಡಿ ಕೋಡಿಯ ಕಲ್ಲಿನ ಪಕ್ಕದಲ್ಲೇ ನೆಲಮಟ್ಟಕ್ಕೆ ಹತ್ತಿರವಾಗಿ ನಿಲ್ಲಿಸಿ ಗೋಡೆಯಲ್ಲಿ ಒಡೆದಿದ್ದ ಕಂಡಿಗಳ ಮೂಲಕ ದುರ್ಬೀನನ್ನು ಅವಳ ಮನೆ ಕಡೆ ತಿರುಗಿಸಿದೆ.

"ಇದು ಮ್ಯಾಲೂ ನೋಡಂಗಿಲ್ಲ, ಕೆಳಗೂ ನೋಡಂಗಿಲ್ಲ. ನಿಂತ ನೀರಿನಂಗ ಸಪಾಟು ನೋಡ್ತದ. ನಿನ್ನ ಮನಿ ಹುಡುಕು."

ಅವಳು ಮಂಡಿಯೂರಿ, ಸೆರಗು ಹಿಂದೆ ಸಿಕ್ಕಿಸಿಕೊಂಡು ಕಣ್ಣಿಟ್ಟಳು. ಬಹಳ ಹೊತ್ತು ಹುಡುಕಿದಳು.

"ಬೇವಿನ ಗಿಡದ ತುದಿ ಕಾಣಾಕತ್ತೈತಿ. ಎಲಿ ಅಷ್ಟ. ಮನಿ ಕಾಣವಲ್ದು."

"ಮನಿ ಅದರ ಕೆಳಗದ."

"ತಗಡೂ ಕಾಣವಲ್ದಲ್ರೀ."

"ತಗಡೂ ಕೆಳಗದ."

ಅವಳು ಕಣ್ಣು ತೆಗೆದು ಬರಿಗಣ್ಣಿನಿಂದ ಇಳಿಜಾರು ನೋಡಿದಳು. ಮತ್ತೆ ದುರ್ಬೀನಿಗೆ ಕಣ್ಣಿಟ್ಟಳು. ಎದ್ದು ಮಂಡಿಯ ಮಣ್ಣು ಜಾಡಿಸಿದಳು.

"ನೀರು ಇಲ್ಲಿ ಬಂದು ನಿಂತು ನೋಡ್ತಂದ್ರ ನಾವು ಅದರ ಕಾಲಾಗ ಅದೀವಿ," ಎಂದಳು. ಕೆಳಗೆ ಹೋಗಿ ಗಂಡನಿಗೆ ಏನು ಹೇಳಿದಳೋ ಗೊತ್ತಿಲ್ಲ, ಸಂಜೆಯೊಳಗೆ ತಗಡುಗಳು ಮೇಲಿನ ಜಾಗಕ್ಕೆ ನಡೆಯತೊಡಗಿದವು. ಪ್ರಸನ್ನನೂ ಅಂಗಿ ತೋಳು ಮಡಚಿ ಒಂದು ತಗಡಿನ ತುದಿ ಹಿಡಿದಿದ್ದ. ಅವನಿಗೆ ತಗಡು ಹೊತ್ತು ರೂಢಿಯಿಲ್ಲ, ಹಿಂದಿದ್ದವರಿಗೆ ನಡೆಯುವುದಕ್ಕಿಂತ ನಗುವುದೇ ಹೆಚ್ಚಾಗಿತ್ತು. ಮೇಲೆ ಬೇವು ಇರಲಿಲ್ಲ. ನೆರಳಿಗೆಂದು ಕಂಪನಿಯವರಿಂದ ಚಪ್ಪರ ಹಾಕಿಸಿದ್ದು ಅವನೇ.

ಆ ವರ್ಷ ಮಳೆ ತಡವಾಗಿ ಬಂತು, ಬಂದದ್ದು ಬಿಡದೆ ಬಂತು. ಬಂಡಕುಂಟೆ ತುಂಬಿತು. ಮೊಗಲಿಕುಂಟೆ ತುಂಬಿ ಪೂರ್ವದ ಕೋಡಿ ಬಿತ್ತು. ಪೆಂಟಯ್ಯ ಮತ್ತು ನಾನು ದಿನಾ ಹೋಗಿ ನೀರಿನ ಮಟ್ಟ ಬರೆದುಕೊಂಡು ಬರುತ್ತಿದ್ದೆವು. ಒಂದು ದಿನ ಬೆಳಗಿನಿಂದ ಆಕಾಶ ತೂತಾದ ಹಾಗೆ ಸುರಿಯಿತು. ಮಧ್ಯಾಹ್ನ ಸ್ವಲ್ಪ ತೆರಪು ಕೊಟ್ಟಾಗ ನಾವು ಚಿನ್ನಲುಗಿನ ಪಕ್ಕ ನಿಂತಿದ್ದೆವು. ನೀರು ಕಲ್ಲಿನ ಅಂಚಿನವರೆಗೆ ಬಂದು ಅಲ್ಲೇ ನಡುಗುತ್ತ ನಿಂತಿತ್ತು. ಒಂದು ಎಲೆ ತೇಲುತ್ತ ಬಂದು ಅಂಚಿಗೆ ತಾಗಿ ನಿಂತಿತು. ಆಮೇಲೆ ಆ ಎಲೆ ಮೆಲ್ಲಗೆ ಆಚೆ ಜಾರಿತು, ಅದರ ಹಿಂದೆ ಗಾಜಿನಂತಹ ತೆಳುವಾದ ನೀರು.

ಅರ್ಧ ತಾಸಿನಲ್ಲಿ ಅದು ತೊಡೆಮಟ್ಟದ ಕೆಂಪು ನೀರಾಗಿ ಗೋಡೆಯ ಕಂಡಿಯೊಳಗೆ ನುಗ್ಗಿತು, ಕಾರುಗಳ ನಡುವೆ ಕಾಲುವೆಯಲ್ಲಿ ಓಡಿತು, ಆಚೆಯ ಕಂಡಿಯಿಂದ ಧುಮುಕಿ ಇಳಿಜಾರು ಹಿಡಿಯಿತು. ಕೆಳಗೆ ಬೇವಿನ ಮರದ ಬುಡ ಕಾಣದಂತಾಯಿತು. ಅಲ್ಲಿ ಯಾರೂ ಇರಲಿಲ್ಲ. ಕಟ್ಟಡದ ಮುಗಿದ ಭಾಗದಲ್ಲಿ ಆಗಲೇ ಕೆಲಸ ಶುರು ಮಾಡಿದ್ದ ಕಂಪನಿಯ ಮಕ್ಕಳು ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು ಛತ್ರಿ ಹಿಡಿದು ಸೇತುವೆಯ ಮೇಲೆ ಸಾಲಾಗಿ ನಿಂತರು. ಕಟ್ಟಡ ಕೆಲಸದವರೂ ಬಂದು ಅವರ ಪಕ್ಕದಲ್ಲೇ ನಿಂತರು. ನೀರಿನ ಜೊತೆ ಮೀನು ಬರತೊಡಗಿದಾಗ ಯಾವ ಛತ್ರಿ ಯಾರದೆಂದು ನೋಡುವವರಿರಲಿಲ್ಲ. ಲಚ್ಚಮ್ಮ ಒಗೆಯುವ ಬಟ್ಟೆಯಿಂದ ಒಂದು ದುಪ್ಪಟಿ ತೆಗೆದು ಪ್ರಸನ್ನನ ಕೈಗೆ ಒಂದು ತುದಿ ಕೊಟ್ಟು ಮೀನು ಹಿಡಿಸಿದಳು. ಸಸ್ಯಾಹಾರಿ ಹುಡುಗ, ಹಿಡಿದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಎಲ್ಲರ ಮುಖ ನೋಡಿದ.

ಖಾದ್ರಿ ಸಾಹೇಬರು ಪ್ಯಾಂಟು ಮಡಚಿ ಬರಿಗಾಲಿನಲ್ಲಿ ಬಂದರು. ನೀರನ್ನು ನೋಡುತ್ತ ನಿಂತು, ನನ್ನ ಕಡೆ ತಿರುಗದೆ, "ನಕ್ಷಾದಾಗ ಹೆಸರು ಹಾಕ್ರಿ ಬಾಯಿ. ಚಿನ್ನಲುಗು ಅಂತ. ಆ ಮುದುಕಿ ಹೇಳಿದಂಗ," ಎಂದರು. ನನ್ನ ತಪ್ಪಿನ ಬಗ್ಗೆ ಮೇಲಿನಿಂದ ವಿವರಣೆ ಕೇಳಿ ಒಂದು ಕಾಗದ ಬಂದಿತ್ತು. ಅದಕ್ಕೆ ಅವರೇ ಉತ್ತರ ಬರೆದಿದ್ದರು ಎಂದು ನನಗೆ ತಿಳಿದದ್ದು ಅವರು ನಿವೃತ್ತರಾದ ಮೇಲೆ.

ಮಳೆ ಪೂರ್ತಿ ನಿಂತ ಮೇಲೆ ದೇವಮ್ಮ ನನ್ನ ಪಕ್ಕ ಬಂದು ನಿಂತಳು. ಸೆರಗಿನಲ್ಲಿ ನಾಲ್ಕು ಮೀನು ಒದ್ದಾಡುತ್ತಿದ್ದವು.

"ಈ ನೀರು ಇಲ್ಲಿಂದ ಎಲ್ಲಿಗಿ ಹೊಕ್ಕೈತ್ರಿ ಅಕ್ಕಾರ?"

"ಈದುಲಕುಂಟಿಗಿ. ಅದು ತುಂಬಿದ್ರ ನಾಲಿ ಹಿಡದು ಮೂಸಿಗಿ."

"ಅಲ್ಲಿಂದ?"

ಇಷ್ಟು ವರ್ಷದ ಕೆಲಸದಲ್ಲಿ ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ. ನಮ್ಮ ನಕ್ಷೆಗಳು ಹಾಳೆಯ ಅಂಚಿನಲ್ಲಿ 'ಮೂಸಿ ಕಡೆಗೆ' ಎಂದು ಒಂದು ಬಾಣ ಹಾಕಿ ನಿಂತುಬಿಡುತ್ತಿದ್ದವು.

"ಮೂಸಿ ಹೋಗಿ ಕೃಷ್ಣಾಕ್ಕ ಕೂಡ್ತದ," ಎಂದೆ.

"ಕೃಷ್ಣಾ ಅಂದ್ರ ನಮ್ಮ ಕೃಷ್ಣಾನ? ನಮ್ಮೂರು ಅದರ ದಂಡಿ ಮ್ಯಾಗ ಐತ್ರೀ."

ಒಂದು ಕಡ್ಡಿ ತೆಗೆದುಕೊಂಡು ಹಸಿ ನೆಲದ ಮೇಲೆ ಗೆರೆ ಎಳೆದು ತೋರಿಸಿದೆ. ಇದು ರಾಯಚೂರು ಕಡೆಯಿಂದ ಬರುವ ಹೊಳೆ. ಇದು ಹೈದರಾಬಾದಿನಿಂದ ಇಳಿಯುವ ಮೂಸಿ. ಇಗೋ ಇಲ್ಲಿ, ಪೂರ್ವಕ್ಕೆ ಬಹಳ ದೂರ ಹೋದ ಮೇಲೆ, ಎರಡೂ ಸೇರುತ್ತವೆ. ದೇವಮ್ಮ ಬಗ್ಗಿ ಎರಡೂ ಗೆರೆಯ ಮೇಲೆ ಬೆರಳಾಡಿಸಿದಳು. ಊರಿನ ಗೆರೆಯ ಮೇಲೊಮ್ಮೆ, ಮೂಸಿಯ ಗೆರೆಯ ಮೇಲೊಮ್ಮೆ. ಅವು ಕೂಡುವ ಜಾಗದಲ್ಲಿ ಬೆರಳು ಊರಿ ನಿಲ್ಲಿಸಿದಳು. ಆಮೇಲೆ ಸೇತುವೆಯ ಮೇಲಿದ್ದ ಗಂಡನನ್ನು ಕೂಗಿ ಕರೆದಳು.

"ಇಲ್ಲಿ ಬಾ, ಇದನ್ನ ನೋಡು. ನಾವು ತೋಡಿದ ಕಾಲಿವಿ ನೀರು ನಮ್ಮೂರ ನೀರಿಗಿ ಭೇಟಿ ಆಗಾಕ ಹೊಂಟೈತಿ."